ಮರ್ಸಿಡಿಸ್ ಡಬ್ಲ್ಯು124: ಮೀಟರಿನ ಮುಳ್ಳು, ದೀಪಗಳು ಹೇಳುವ ದೂರನ್ನು ಹುಡುಕುವ ಬಗೆ

1984ರ ಕೊನೆಗೆ ಬಂದು ಜರ್ಮನಿಯಲ್ಲಿ 1995ರವರೆಗೆ ಸೆಡಾನ್ ರೂಪದಲ್ಲಿ ತಯಾರಾದ ಡಬ್ಲ್ಯು124 ಇವತ್ತಿಗೂ ದಿನನಿತ್ಯ ಓಡುವ ಕಾರು. ಇದರ ಡ್ಯಾಶ್‌ಬೋರ್ಡ್ ಈಗಿನ ಕಾರುಗಳಂತೆ ಪರದೆಯ ಮೇಲೆ ಸಂದೇಶ ಬರೆದು ತೋರಿಸುವುದಿಲ್ಲ. ಒಂದಷ್ಟು ಮುಳ್ಳು, ಒಂದಷ್ಟು ಬಣ್ಣದ ದೀಪ, ಅಷ್ಟೇ. ಮೂವತ್ತು ದಾಟಿದ ಕಾರಿನಲ್ಲಿ ಎಂಜಿನ್ ಕೆಟ್ಟಾಗ ದೀಪ ಹತ್ತುವಷ್ಟೇ ಸಲ ಸೆನ್ಸರ್, ವೈರು, ಅರ್ತಿಂಗ್ ಕೆಟ್ಟೂ ಹತ್ತುತ್ತದೆ. ಹಾಗಂತ ಎಲ್ಲವನ್ನೂ ಸೆನ್ಸರ್ ತಲೆಗೆ ಕಟ್ಟಬಾರದು. ಆಯಿಲ್ ಪ್ರೆಶರ್ ಮತ್ತು ಟೆಂಪರೇಚರ್ ವಿಷಯದಲ್ಲಿ ಮೊದಲು ಮುಳ್ಳನ್ನು ನಂಬಿ ಎಂಜಿನ್ ನಿಲ್ಲಿಸಿ, ಆಮೇಲೆ ಅನುಮಾನಿಸಿ. ಉಳಿದ ದೀಪಗಳಲ್ಲಿ ಹೆಚ್ಚಿನವಕ್ಕೆ ಮೊದಲು ಅನುಮಾನ, ಆಮೇಲೆ ಬಿಡಿಭಾಗದ ಖರ್ಚು.

ಇಲ್ಲಿರುವುದು ಹೆಚ್ಚಾಗಿ ಪೆಟ್ರೋಲ್ ಮಾದರಿಗಳ ವಿಷಯ. ಬೇಕಾಗುವ ಸಾಧನ ಒಂದು ಡಿಜಿಟಲ್ ಮಲ್ಟಿಮೀಟರ್, ಸಾಧ್ಯವಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರ್, ಒಂದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಬಾನೆಟ್ ಕೆಳಗೆ ಕೈ ಹಾಕುವಾಗ ಸಡಿಲ ತೋಳಿನ ಬಟ್ಟೆ ಬೇಡ. ಮುಂಭಾಗದ ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ.

ಎಲ್ಲಕ್ಕಿಂತ ಮೊದಲು: ಕೀ ತಿರುಗಿಸಿ ದೀಪ ನೋಡಿ

ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಎರಡನೆಯ ಸ್ಥಾನಕ್ಕೆ ತನ್ನಿ. ಬ್ಯಾಟರಿ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆ) ಸೇರಿದಂತೆ ಮುಖ್ಯ ದೀಪಗಳು ಹತ್ತಬೇಕು. ಹತ್ತದ ದೀಪ ಒಳ್ಳೆಯ ಸುದ್ದಿಯಲ್ಲ. ಕಾರು ಮಾರುವಾಗ ಎಬಿಎಸ್ ಅಥವಾ ಏರ್‌ಬ್ಯಾಗ್ ದೀಪದ ಬಲ್ಬ್ ಕಿತ್ತಿಟ್ಟು ಕೊಡುವುದು ಹಳೆಯ ಕಾರಿನ ವ್ಯಾಪಾರದಲ್ಲಿ ನಡೆಯುವ ಮಾತೇ. ಆಯಿಲ್ ಪ್ರೆಶರ್ ಮುಳ್ಳು ಈಗ ಸೊನ್ನೆಯಲ್ಲಿರಬೇಕು. ಎಂಜಿನ್ ತಣ್ಣಗಿದ್ದರೆ ಟೆಂಪರೇಚರ್ ಮುಳ್ಳು ತಳದಲ್ಲಿರಬೇಕು. ಇಷ್ಟು ಸರಿ ಇದ್ದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಅರ್ಥ.

ಆಯಿಲ್ ಪ್ರೆಶರ್ ಮುಳ್ಳು ಕೆಳಗೆ ಬಿದ್ದಿದೆ

ಮೀಟರಿನಲ್ಲಿ 0ಯಿಂದ 3 ಬಾರ್‌ವರೆಗೆ ಗುರುತುಗಳಿವೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಮುಳ್ಳು 3ಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 1 ಬಾರ್ ಆಸುಪಾಸಿಗೆ ಇಳಿಯುವುದು ಸಹಜ, 0.3 ಬಾರ್‌ವರೆಗೆ ಇಳಿದರೂ ತಯಾರಕರ ಪ್ರಕಾರ ಅಪಾಯವಿಲ್ಲ. ಆದರೆ ಒಂದು ಷರತ್ತು: ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಮುಳ್ಳು ಮೇಲೇರಬೇಕು, ಓಡುವಾಗ 3ರಲ್ಲೇ ಇರಬೇಕು. ಬಿಸಿ ಐಡ್ಲಿಂಗ್‌ನ ಅಂಕಿ ನೋಡಿ ಹೆದರಿ ಎಂಜಿನ್ ಬಿಚ್ಚಿಸಿದವರಿದ್ದಾರೆ. ಓಡುವಾಗ ಮುಳ್ಳು 1.5ರಲ್ಲಿ ತೂಗಾಡುತ್ತಿದ್ದರೂ ಲೆಕ್ಕಿಸದೆ ಎಂಜಿನ್ ಕಳೆದುಕೊಂಡವರೂ ಇದ್ದಾರೆ.

ಓಡುತ್ತಿರುವಾಗ ಮುಳ್ಳು ಸೊನ್ನೆಗೆ ಬಿದ್ದರೆ ಪಕ್ಕಕ್ಕೆ ನಿಲ್ಲಿಸಿ, ತಕ್ಷಣ ಎಂಜಿನ್ ಆಫ್ ಮಾಡಿ. ಸಮತಟ್ಟಾದ ಜಾಗದಲ್ಲಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡ್ಡಿಗೇ ಹತ್ತುತ್ತಿಲ್ಲ, ಅಥವಾ ಎಂಜಿನ್ ನಿಲ್ಲುವ ಮುನ್ನ ಟಕಟಕ ಸದ್ದು ಕೇಳಿತ್ತು ಎಂದಾದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಟೋಯಿಂಗ್ ಕರೆಸಿ.

ಆಯಿಲ್ ಸರಿಯಾಗಿದೆ, ಸದ್ದೂ ಇಲ್ಲ ಎಂದರೆ ಸೆಂಡರ್ (ಪ್ರೆಶರ್ ಅಳೆದು ಮೀಟರಿಗೆ ತಿಳಿಸುವ ಸೆನ್ಸರ್) ಪರೀಕ್ಷೆ. ಇದು ಆಯಿಲ್ ಫಿಲ್ಟರ್ ಹೌಸಿಂಗ್ ಬಳಿ ಇದೆ. ಪ್ರೆಶರ್ ಇಲ್ಲದಾಗ ಇದರ ರೆಸಿಸ್ಟೆನ್ಸ್ ಸುಮಾರು 10 ಓಂ, 3 ಬಾರ್‌ನಲ್ಲಿ 180 ಓಂ ಆಸುಪಾಸು. ಅಂದರೆ ವೈರು ಕಿತ್ತುಹೋದರೆ ಮುಳ್ಳು ಸೊನ್ನೆಗೆ ಬೀಳುವುದಿಲ್ಲ, 3ಕ್ಕೆ ಏರಿ ಕೂರುತ್ತದೆ. ವೈರು ಎಲ್ಲಾದರೂ ಸವೆದು ಕಾರಿನ ಲೋಹದ ಮೈಗೆ ತಾಗಿದರೆ ಸೊನ್ನೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸೆಂಡರ್ ವೈರು ತೆಗೆಯಿರಿ. ಮುಳ್ಳು 3ಕ್ಕೆ ಜಿಗಿದರೆ ಮೀಟರೂ ವೈರೂ ಸರಿ ಇವೆ. ಆಗ ದೋಷ ಸೆಂಡರಿನಲ್ಲಿರಬೇಕು, ಇಲ್ಲವೇ ನಿಜವಾಗಿಯೂ ಪ್ರೆಶರ್ ಇಲ್ಲ. ಇವೆರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಇರುವ ದಾರಿ ಒಂದೇ. ಸೆಂಡರ್ ಬಿಚ್ಚಿ ಅದೇ ರಂಧ್ರಕ್ಕೆ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಹಾಕಿ ನೋಡುವುದು. ಗೇಜ್ ಇಲ್ಲದೆ "ಸೆನ್ಸರ್ ಹೋಗಿದೆ, ಓಡಿಸಿ ಪರವಾಗಿಲ್ಲ" ಎನ್ನುವ ಮೆಕ್ಯಾನಿಕ್ ಮಾತು ಕೇಳಬೇಡಿ.

ಎಂಜಿನ್ ಆಫ್ ಇದ್ದಾಗಲೂ ಮುಳ್ಳು 3ರಲ್ಲೇ ನಿಂತಿದ್ದರೆ ವೈರು ಅಥವಾ ಸೆಂಡರ್ ಒಳಗೆ ತುಂಡಾಗಿದೆ. ಎಂಜಿನ್ನಿಗೆ ತೊಂದರೆಯಿಲ್ಲದಿರಬಹುದು. ಆದರೆ ಈ ಸ್ಥಿತಿಯಲ್ಲಿ ನಿಜವಾದ ಪ್ರೆಶರ್ ಹೋದರೂ ನಿಮಗೆ ಗೊತ್ತಾಗುವುದಿಲ್ಲ.

ನಿಧಾನವಾಗಿ, ತಿಂಗಳುಗಟ್ಟಲೆ ಪ್ರೆಶರ್ ಇಳಿಯುತ್ತಾ ಬಂದಿದ್ದರೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಫ್ಯೂಯೆಲ್ ಮಿಕ್ಸ್ಚರ್ ರಿಚ್ ಆಗಿ (ಪೆಟ್ರೋಲ್ ಪ್ರಮಾಣ ಹೆಚ್ಚಾಗಿ) ಆಯಿಲ್ ತೆಳುವಾಗಿದೆ. ಆಯಿಲ್ ಬದಲಿಸಿ, ಇಂಜೆಕ್ಷನ್ ಸರಿಮಾಡಿಸಿ. ಅದಾದ ಮೇಲೂ ಸುಧಾರಿಸದಿದ್ದರೆ ಬೇರಿಂಗ್ ಸವೆತದ ಮಾತು.

ಹಳದಿ ಆಯಿಲ್ ಕ್ಯಾನ್ ದೀಪ ಹತ್ತಿದೆ

ಬೇರೆ ಕಾರುಗಳಲ್ಲಿ ಎಣ್ಣೆಯ ಕ್ಯಾನ್ ಚಿತ್ರದ ಕೆಂಪು ದೀಪವೆಂದರೆ ಪ್ರೆಶರ್ ಇಲ್ಲ ಎಂದರ್ಥ. ಇಲ್ಲಿನ ಹಳದಿ ದೀಪ ಹೇಳುವುದು ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ನಲ್ಲಿ ಆಯಿಲ್ ಮಟ್ಟ ಕಡಿಮೆಯಾಗಿದೆ ಎಂದು ಮಾತ್ರ. ಪ್ರೆಶರ್ ಮುಳ್ಳು 3ರಲ್ಲಿದ್ದರೆ ಮುಂದಿನ ಬಂಕ್‌ವರೆಗೆ ನಿಧಾನವಾಗಿ ಹೋಗಬಹುದು. ತಿರುವಿನಲ್ಲಿ ಅಥವಾ ಏರಿನಲ್ಲಿ ಮಾತ್ರ ಮಿನುಗಿ ಆರಿದರೆ ಮಟ್ಟ ಕನಿಷ್ಠ ಗುರುತಿಗೆ ಹತ್ತಿರವಿದೆ.

ಒಮ್ಮೆಲೇ ಎರಡು ಲೀಟರ್ ಸುರಿಯಬೇಡಿ. ಅರ್ಧ ಲೀಟರ್ ಹಾಕಿ, ಕಾದು, ಅಳೆಯಿರಿ. ಗರಿಷ್ಠ ಗುರುತು ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ಅದು ಕಡಿಮೆ ಆಯಿಲ್‌ನಷ್ಟೇ ಕೆಟ್ಟದ್ದು. ಮಟ್ಟ ಸರಿಯಿದ್ದೂ ದೀಪ ಹತ್ತುತ್ತಿದ್ದರೆ ಸಂಪ್ ಪಕ್ಕದ ಸೆನ್ಸರಿನ ಕನೆಕ್ಟರ್ ತೆಗೆದು ಆಯಿಲ್ ಜಿಡ್ಡು ತೊಳೆಯಿರಿ. ಒಳಗಿನ ತೇಲುವ ಬಿರಡೆ ಕೆಸರಿಗೆ ಅಂಟಿಕೊಂಡಿದ್ದರೆ ಒಂದೆರಡು ಆಯಿಲ್ ಚೇಂಜ್‌ಗಳಲ್ಲಿ ತಾನಾಗಿ ಬಿಡಿಸಿಕೊಳ್ಳುವುದೂ ಉಂಟು.

ಟೆಂಪರೇಚರ್ ಮುಳ್ಳು ಏರುತ್ತಿದೆ

ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ 87 ಡಿಗ್ರಿಯಲ್ಲಿ ತೆರೆದುಕೊಳ್ಳಲು ಶುರುವಾಗುತ್ತದೆ. ತೆರೆದ ರಸ್ತೆಯಲ್ಲಿ 80ರಿಂದ 95, ದಟ್ಟಣೆಯಲ್ಲಿ ಎಸಿ ಹಾಕಿಕೊಂಡು ನಿಂತಾಗ 100 ದಾಟಿ 105ರ ಹತ್ತಿರ ಹೋಗುವುದು ಈ ಕಾರಿನ ಸ್ವಭಾವ. ಆ ಹೊತ್ತಿಗೆ ಮುಂಭಾಗದ ಎಲೆಕ್ಟ್ರಿಕ್ ಫ್ಯಾನ್‌ಗಳು ಜೋರಾಗಿ ತಿರುಗಬೇಕು. ಈಗಿನ ಕಾರುಗಳ ಮುಳ್ಳು ಮಧ್ಯದಲ್ಲೇ ಕೂತಿರುವುದು ನೋಡಿ ಅಭ್ಯಾಸವಾದವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಈ ಮುಳ್ಳು ಪ್ರಾಮಾಣಿಕವಾಗಿ ಅಲುಗಾಡುವಂಥದ್ದು. 110 ದಾಟಿ ಏರುತ್ತಲೇ ಇದ್ದರೆ ಮಾತ್ರ ಸಮಸ್ಯೆ.

ಕೂಡಲೇ ಮಾಡಬೇಕಾದದ್ದು: ಎಸಿ ಆಫ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಗರಿಷ್ಠಕ್ಕೆ. ಆದರೂ 115 ದಾಟಿದರೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬಿಸಿಯಿದ್ದಾಗ ಎಕ್ಸ್‌ಪಾನ್ಶನ್ ಟ್ಯಾಂಕಿನ ಮುಚ್ಚಳ ಮುಟ್ಟಲೇಬೇಡಿ. ಒಳಗೆ 1.4 ಬಾರ್ ಒತ್ತಡ ಇರುತ್ತದೆ. ಒತ್ತಡದಲ್ಲಿ 120 ಡಿಗ್ರಿಗೂ ಕುದಿಯದ ಕೂಲೆಂಟ್, ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಬರಿಗೈಯಲ್ಲಿ ನೆಮ್ಮದಿಯಾಗಿ ಹಿಡಿಯುವಷ್ಟು ತಣ್ಣಗಾದ ಮೇಲೆ, ದಪ್ಪ ಬಟ್ಟೆ ಹಾಕಿ, ಅರ್ಧ ಸುತ್ತು ತಿರುಗಿಸಿ, ಗಾಳಿ ಬಿಟ್ಟ ನಂತರ ಪೂರ್ತಿ ತೆಗೆಯಿರಿ.

ಒಂದು ಲಕ್ಷಣ ಚೆನ್ನಾಗಿ ನೆನಪಿಡಿ. ಮುಳ್ಳು ಏರುತ್ತಾ ಹೋಗಿ ಇದ್ದಕ್ಕಿದ್ದಂತೆ ಕೆಳಗೆ ಬಂದರೆ ಎಂಜಿನ್ ತಣ್ಣಗಾಯಿತು ಎಂದು ನಿಟ್ಟುಸಿರು ಬಿಡಬೇಡಿ. ಕೂಲೆಂಟ್ ಪೂರ್ತಿ ಸೋರಿ ಸೆಂಡರ್ ಖಾಲಿ ಜಾಗದಲ್ಲಿ ಉಳಿದಿರಬಹುದು. ಹೀಟರ್‌ನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಅದೇ ಸಾಕ್ಷಿ. ತಕ್ಷಣ ನಿಲ್ಲಿಸಿ.

ತಣ್ಣಗಾದ ಮೇಲೆ ನೋಡುವ ಕ್ರಮ ಹೀಗೆ. ಮೊದಲು ಕೂಲೆಂಟ್ ಮಟ್ಟ. ಕಡಿಮೆಯಿದ್ದರೆ ಎಲ್ಲಿ ಸೋರಿದೆ ಎಂದು ಹುಡುಕಿ. ರೇಡಿಯೇಟರಿನ ಮೇಲಿನ ಹೋಸ್ ಕೂರುವ ಪ್ಲಾಸ್ಟಿಕ್ ಕುತ್ತಿಗೆ ವಯಸ್ಸಾದಂತೆ ಬಿಸ್ಕತ್ತಿನಂತಾಗಿ ಮುರಿಯುವುದು ಈ ಕಾರಿನ ಹಳೆಯ ಕಾಯಿಲೆ. ಕಂದು ಬಣ್ಣಕ್ಕೆ ತಿರುಗಿ ಕೂದಲೆಳೆ ಬಿರುಕು ಕಂಡರೆ ಅಂಟು ಹಚ್ಚುವ ಸಾಹಸ ಬೇಡ, ರೇಡಿಯೇಟರ್ ಬದಲಿಸಿ. ಆಮೇಲೆ ಬೆಲ್ಟ್ ಇದೆಯೇ, ಬಿಗಿ ಇದೆಯೇ ನೋಡಿ. ರೇಡಿಯೇಟರಿಗೂ ಎಸಿ ಕಂಡೆನ್ಸರಿಗೂ ನಡುವೆ ಟಾರ್ಚ್ ಹಾಕಿ ನೋಡಿ. ಹೊರಗಿನಿಂದ ಶುಭ್ರವಾಗಿ ಕಾಣುವ ಕಾರಿನಲ್ಲೂ ಆ ಸಂದಿಯಲ್ಲಿ ವರ್ಷಗಳ ಧೂಳು, ಹುಳು, ಎಲೆ ಕಂಬಳಿಯಂತೆ ಕೂತಿರುತ್ತದೆ. ಮೆಲ್ಲಗೆ ನೀರು ಬಿಟ್ಟು ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ.

ಅದೂ ಸರಿಯಿದ್ದು, ಓಡುವಾಗ ತಣ್ಣಗೆ, ನಿಂತಾಗ ಬಿಸಿ ಎಂದಾದರೆ ಅನುಮಾನ ಫ್ಯಾನಿನ ಮೇಲೆ. ಬಿಸಿ ಎಂಜಿನ್ ಆಫ್ ಮಾಡಿ, ಬೆಲ್ಟಿಗೆ ಜೋಡಿಸಿದ ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ಪ್ರತಿರೋಧ ಕೊಡಬೇಕು. ಸರಾಗವಾಗಿ ಎರಡು ಮೂರು ಸುತ್ತು ತಿರುಗಿದರೆ ಬಿಸಿಯಾದಾಗ ಫ್ಯಾನನ್ನು ಹಿಡಿದು ತಿರುಗಿಸುವ ವಿಸ್ಕಸ್ ಕ್ಲಚ್ ಹೋಗಿದೆ. ಎಲೆಕ್ಟ್ರಿಕ್ ಫ್ಯಾನ್‌ಗಳು ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಕಡಿಮೆ ವೇಗದಲ್ಲಿ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ನಂತರ ರೆಸಿಸ್ಟರ್, ನಂತರ ಮೋಟರ್.

ಇದಕ್ಕೆ ವಿರುದ್ಧವಾಗಿ, ವೇಗವಾಗಿ ಓಡುವಾಗಲೇ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿದೆ, ವಾಟರ್ ಪಂಪ್ ಸೋತಿದೆ ಅಥವಾ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಹೊರಗೆಲ್ಲೂ ಸೋರದೆ ಕೂಲೆಂಟ್ ಮಾಯವಾಗುತ್ತಿದ್ದರೆ, ತಣ್ಣಗೆ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಗಟ್ಟಿಯಾದರೆ, ಆಯಿಲ್ ಮುಚ್ಚಳದ ಕೆಳಗೆ ಹಾಲುಕಾಫಿ ಬಣ್ಣದ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಇಲ್ಲಿಂದ ಮುಂದೆ ಗ್ಯಾರೇಜ್ ಕೆಲಸ.

ಮುಳ್ಳೇ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲು ಥರ್ಮೋಸ್ಟಾಟ್ ಹೌಸಿಂಗ್‌ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಹತ್ತು ಡಿಗ್ರಿಯೊಳಗಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹೊಳೆಯುವ ಲೋಹಕ್ಕಿಂತ ಪಕ್ಕದ ಕಪ್ಪು ಹೋಸ್ ಮೇಲೆ ಹಿಡಿದರೆ ಅಂಕಿ ಹೆಚ್ಚು ನಂಬಬಹುದಾದದ್ದು. ಮೀಟರಿನ ಸೆಂಡರ್ ವೈರು ತೆಗೆದರೆ ಮುಳ್ಳು ತಳಕ್ಕೆ ಬೀಳಬೇಕು. ಬೀಳದಿದ್ದರೆ ವೈರು ಕಾರಿನ ಲೋಹದ ಮೈಗೆ ತಾಗಿದೆ.

ಮುಳ್ಳು 80ರ ಹತ್ತಿರವೂ ಬಾರದಿದ್ದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಹೆಚ್ಚಿನವರು ಇದನ್ನು ಒಳ್ಳೆಯದೆಂದೇ ಭಾವಿಸುತ್ತಾರೆ. ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಮೇಲೆ ಹೇಳಿದ ಹಾಗೆ ಆಯಿಲನ್ನೂ ತೆಳು ಮಾಡುತ್ತದೆ.

ಬ್ಯಾಟರಿ ದೀಪ ಆರುತ್ತಿಲ್ಲ, ಅಥವಾ ಹತ್ತುತ್ತಲೇ ಇಲ್ಲ

ಓಡುವಾಗ ಬ್ಯಾಟರಿ ದೀಪ ಹತ್ತಿ, ಜೊತೆಗೆ ಸ್ಟೀರಿಂಗ್ ಭಾರವಾದರೆ ಬೆಲ್ಟ್ ತುಂಡಾಗಿದೆ. ಆಲ್ಟರ್ನೇಟರ್, ಪವರ್ ಸ್ಟೀರಿಂಗ್, ವಾಟರ್ ಪಂಪ್ ಮೂರೂ ಅದೇ ಬೆಲ್ಟಿನ ಮೇಲೆ ನಿಂತಿವೆ. "ಬ್ಯಾಟರಿ ತಾನೇ, ಮನೆ ಸೇರಬಹುದು" ಎಂದು ಓಡಿಸಿದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಕುದಿಯುತ್ತದೆ.

ಬೆಲ್ಟ್ ಸರಿಯಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. 13.8ರಿಂದ 14.4 ಇರಬೇಕು. 12.5ಕ್ಕಿಂತ ಕೆಳಗಿದ್ದರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಆಲ್ಟರ್ನೇಟರ್ ಪೂರ್ತಿ ಬದಲಿಸುವ ಮುನ್ನ ಅದರ ಹಿಂಭಾಗದಲ್ಲಿ ಎರಡು ಸ್ಕ್ರೂಗಳಲ್ಲಿ ಕೂತಿರುವ ರೆಗ್ಯುಲೇಟರ್ ತೆಗೆದು ಕಾರ್ಬನ್ ಬ್ರಶ್ ನೋಡಿ. 5 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ದೋಷ ಅಲ್ಲೇ. ಈ ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆಯಲೇಬೇಕು. ಕಾರಿನ ಮೂಲ ರೇಡಿಯೋ ಕೋಡ್ ಕೈಯಲ್ಲಿದೆಯೇ ಎಂದು ಅದಕ್ಕೂ ಮುನ್ನ ನೋಡಿಕೊಳ್ಳಿ, ಇಲ್ಲದಿದ್ದರೆ ಹಾಡು ನಿಂತಿತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತೆಗೆದು "ಪರೀಕ್ಷಿಸುವ" ಪದ್ಧತಿ ಈ ಕಾರಿನ ಕಂಟ್ರೋಲ್ ಯೂನಿಟ್‌ಗಳನ್ನು ಸುಡುತ್ತದೆ.

ಕೀ ತಿರುಗಿಸಿದಾಗ ದೀಪ ಹತ್ತದಿದ್ದರೆ ಬಲ್ಬ್ ಹೋಗಿರಬಹುದು. ಆಲ್ಟರ್ನೇಟರ್ ಚಾರ್ಜ್ ಶುರುಮಾಡಲು ಬೇಕಾದ ಕರೆಂಟ್ ಹೋಗುವುದು ಈ ಬಲ್ಬ್ ಮೂಲಕವೇ. ಎಲ್‌ಇಡಿ ಹಾಕಿದರೆ ಕರೆಂಟ್ ಸಾಲದು. ಅದೇ ವಾಟ್ಸ್‌ನ ಹಳೆಯ ಬಗೆಯ ಬಲ್ಬನ್ನೇ ಹಾಕಿ.

ಎಬಿಎಸ್ ದೀಪ ಹತ್ತಿದೆ

ಯಾವಾಗ ಹತ್ತಿತು ಎಂಬುದರಲ್ಲೇ ಅರ್ಧ ಉತ್ತರ ಇದೆ. ಸ್ಟಾರ್ಟ್ ಮಾಡಿದಾಗಿನಿಂದಲೂ ಆರದೆ ಉಳಿದಿದ್ದರೆ ವಿದ್ಯುತ್ ಪೂರೈಕೆಯ ದೋಷ. ಕಾರು ಚಲಿಸಲು ಶುರುವಾದ ಮೇಲೆ ಹತ್ತಿದರೆ ಚಕ್ರದ ಸ್ಪೀಡ್ ಸೆನ್ಸರ್.

ಮೊದಲನೆಯದಕ್ಕೆ ಬ್ಯಾಟರಿ ವೋಲ್ಟೇಜ್ ನೋಡಿ. ಸೋತ ಬ್ಯಾಟರಿಯೂ ಈ ದೀಪ ಹತ್ತಿಸುತ್ತದೆ. ಆಮೇಲೆ ಓವರ್‌ವೋಲ್ಟೇಜ್ ರಿಲೇ, ಅಂದರೆ ಹೆಚ್ಚಿನ ವೋಲ್ಟೇಜ್‌ನಿಂದ ಕಂಟ್ರೋಲ್ ಯೂನಿಟ್‌ಗಳನ್ನು ಕಾಯುವ ರಿಲೇ. ಬ್ಯಾಟರಿ ಹಿಂದಿನ ಪ್ಲಾಸ್ಟಿಕ್ ಗೋಡೆಯ ಆಚೆ ಇರುವ ಬೆಳ್ಳಿ ಬಣ್ಣದ ಪೆಟ್ಟಿಗೆ, ತಲೆಯ ಮೇಲೆ ಕೆಂಪು ಮುಚ್ಚಳ. ಮುಚ್ಚಳದಡಿ 10 ಆಂಪಿಯರ್ ಫ್ಯೂಸ್ ಇದೆ. ಫ್ಯೂಸ್ ಹೋಗಿದ್ದರೆ ಅಷ್ಟಕ್ಕೇ ಮುಗಿಯಬಹುದು. ಫ್ಯೂಸ್ ಸರಿಯಿದ್ದೂ ದೀಪ ಆರದೆ, ಜೊತೆಗೆ ಐಡ್ಲಿಂಗ್ ಏರಿಳಿದರೆ, ತಣ್ಣಗೆ ಸ್ಟಾರ್ಟ್ ಮಾಡಲು ಕಷ್ಟವಾದರೆ ರಿಲೇ ಒಳಗಿನ ಬೆಸುಗೆ ಬಿರುಕು ಬಿಟ್ಟಿದೆ ಎಂದು ಹೆಚ್ಚುಕಡಿಮೆ ಖಾತ್ರಿಯಾಗಿ ಹೇಳಬಹುದು. ಇಂಜೆಕ್ಷನ್ ಕಂಟ್ರೋಲ್ ಯೂನಿಟ್‌ಗೂ ಕರೆಂಟ್ ಹೋಗುವುದು ಇದೇ ರಿಲೇಯಿಂದ. ಎಬಿಎಸ್‌ಗೂ ಐಡ್ಲಿಂಗ್‌ಗೂ ಏನು ಸಂಬಂಧ ಎಂದು ತಿಳಿಯದೆ ಇಂಜೆಕ್ಟರ್, ಐಡಲ್ ವಾಲ್ವ್ ಎಂದು ಸುಮ್ಮನೆ ದುಡ್ಡು ಸುರಿದ ಕಾರುಗಳು ಬೇಕಾದಷ್ಟಿವೆ. ಬೆಸುಗೆ ಮರು ಹಾಕಿಸಬಹುದು, ಆದರೆ ಹೊಸ ರಿಲೇ ಹಾಕುವುದೇ ಲೇಸು.

ಎರಡನೆಯದಕ್ಕೆ ಚಕ್ರಗಳ ಸೆನ್ಸರ್ ಕನೆಕ್ಟರ್ ತೆಗೆದು ರೆಸಿಸ್ಟೆನ್ಸ್ ಅಳೆಯಿರಿ. ಸುಮಾರು 1 ಕಿಲೋಓಂ ಆಸುಪಾಸಿನಲ್ಲಿದ್ದು, ಎಡ ಬಲ ಹತ್ತಿರ ಹತ್ತಿರ ಇರಬೇಕು. ಅನಂತ ತೋರಿಸಿದರೆ ಒಳಗೆ ವೈರು ತುಂಡಾಗಿದೆ. ಎಷ್ಟೋ ಸಲ ತುದಿಗೆ ಅಂಟಿದ ಬ್ರೇಕ್ ಪುಡಿ ಒರೆಸಿದರೆ ಸಾಕು.

ಎಬಿಎಸ್ ದೀಪ ಮಾತ್ರ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಗಟ್ಟಿಯಾಗಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ ಅಷ್ಟೇ. ಕೆಂಪು ಬ್ರೇಕ್ ದೀಪವೂ ಜೊತೆಗೆ ಹತ್ತಿದರೆ ಕಾರು ನಿಲ್ಲಿಸಿ.

ಬ್ರೇಕ್ ದೀಪ

ಎಡಗಾಲಿನ ಪಾರ್ಕಿಂಗ್ ಬ್ರೇಕ್ ಪೆಡಲ್ ಪೂರ್ತಿ ಮೇಲೆ ಬಂದಿದೆಯೇ ನೋಡಿ. ಬಂದಿದ್ದೂ ದೀಪ ಉರಿಯುತ್ತಿದ್ದರೆ ಬ್ರೇಕ್ ಫ್ಲೂಯಿಡ್ ಮಟ್ಟ ನೋಡಿ. ಪ್ಯಾಡ್ ಸವೆದಂತೆ ಫ್ಲೂಯಿಡ್ ಸ್ವಲ್ಪ ಇಳಿಯುವುದು ಸಹಜ. ಒಂದೇ ವಾರದಲ್ಲಿ ಇಳಿದಿದ್ದರೆ ಸೋರಿಕೆ ಇದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಫ್ಲೂಯಿಡ್ ತುಂಬಿಸಿ ಓಡಿಸುವುದೂ ಬೇಡ, ಕಾರು ಅಲ್ಲೇ ಬಿಡಿ.

ಪ್ಯಾಡ್ ಸವೆತದ ದೀಪ ಬೇರೆ. ಪ್ಯಾಡಿನೊಳಗಿನ ಸೆನ್ಸರ್ ವೈರು ಡಿಸ್ಕಿಗೆ ತಾಗಿದಾಗ ಹತ್ತುತ್ತದೆ. ಶುರುವಿನಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ಮಿನುಗುತ್ತದೆ, ಆ ಹಂತದಲ್ಲೇ ಪ್ಯಾಡ್ ತರಿಸಿಕೊಳ್ಳಿ. ಹೊಸ ಪ್ಯಾಡ್ ಹಾಕಿದ ಮೇಲೂ ದೀಪ ಹತ್ತಿದರೆ ಸೆನ್ಸರ್ ವೈರಿನ ಹೊದಿಕೆ ಸುಲಿದು ಲೋಹಕ್ಕೆ ತಾಗುತ್ತಿದೆ.

ಬಲ್ಬ್ ಚಿತ್ರದ ದೀಪ ಹತ್ತಿದೆ, ಎಲ್ಲ ಬಲ್ಬೂ ಉರಿಯುತ್ತಿವೆ

ಈ ವ್ಯವಸ್ಥೆ ಬಲ್ಬ್‌ಗಳಿಗೆ ಹೋಗುವ ಕರೆಂಟನ್ನು ಹೋಲಿಸಿ ನೋಡುತ್ತದೆ. ಒಂದು ಬದಿಗೆ ಒಂದು ಕಂಪನಿಯ ಬಲ್ಬ್, ಇನ್ನೊಂದು ಬದಿಗೆ ಮತ್ತೊಂದು ಎಂದಾದರೂ ದೂರುತ್ತದೆ. ಎಲ್‌ಇಡಿ ಹಾಕಿದರಂತೂ ಹೇಳುವುದೇ ಬೇಡ. ಬ್ರೇಕ್ ಒತ್ತಿದಾಗ ಮಾತ್ರ ಹತ್ತಿದರೆ ಸ್ಟಾಪ್ ಲೈಟ್ ನೋಡಿ. ಜೋಡಿಯಾಗಿ ಬಲ್ಬ್ ಬದಲಿಸಿ, ಹಿಂದಿನ ದೀಪದ ಹೋಲ್ಡರಿನ ಹಸಿರು ಕಿಲುಬು ಉಜ್ಜಿ.

ಎಲ್ಲ ಮುಳ್ಳುಗಳೂ ಒಟ್ಟಿಗೆ ಹುಚ್ಚಾಟ ಆಡುತ್ತಿವೆ

ಹೆಡ್‌ಲೈಟ್ ಹಾಕಿದಾಗ ಟೆಂಪರೇಚರ್ ಮುಳ್ಳು ಹತ್ತು ಡಿಗ್ರಿ ಏರಿ, ಆರಿಸಿದಾಗ ಇಳಿದರೆ ಎಂಜಿನ್ ಬಿಸಿಯಾಗಿಲ್ಲ, ಮೀಟರಿನ ಅರ್ತಿಂಗ್ ಕೆಟ್ಟಿದೆ. ಮೀಟರ್ ಹಿಂದೆ ಕಾರಿನ ಲೋಹದ ಮೈಗೆ ಕಂದು ವೈರುಗಳು ಗೊಂಚಲಾಗಿ ಸೇರುವ ಜಾಗವಿದೆ. ಬ್ಯಾಟರಿ ನೆಗೆಟಿವ್ ತೆಗೆದು, ನಟ್ ಬಿಚ್ಚಿ, ಮರಳು ಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿಮಾಡಿ. ಮೀಟರ್ ಸ್ಕ್ರೂ ಇಲ್ಲದೆ ಬಿಗಿಯಾಗಿ ಒತ್ತಿ ಕೂರಿಸಿದ್ದು. ಎರಡೂ ಬದಿ ತೆಳು ಕೊಕ್ಕೆ ತೂರಿಸಿ ಎಳೆದರೆ ಹೊರಬರುತ್ತದೆ. ಕೇಬಲ್ ಇರುವ ಮಾದರಿಯಲ್ಲಿ ಹಿಂದೆ ಸ್ಪೀಡೋಮೀಟರ್ ಕೇಬಲ್ ಸಿಕ್ಕಿಕೊಂಡಿರುವುದು ಮರೆತು ಜಗ್ಗಬೇಡಿ.

ಸುಮಾರು 1992ರಿಂದ 1995ರವರೆಗಿನ ಹಲವು ಎಂಜಿನ್‌ಗಳಲ್ಲಿ ಇನ್ನೂ ಕೆಟ್ಟ ಕಾರಣವೊಂದಿದೆ. ಆ ಕಾಲದ ಎಂಜಿನ್ ವೈರಿಂಗ್‌ನ ಹೊದಿಕೆ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಎಂಜಿನ್ ಪಕ್ಕದ ಕನೆಕ್ಟರ್ ಒಂದರ ಕಪ್ಪು ತೋಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಬಣ್ಣದ ಹೊದಿಕೆ ಚೂರುಚೂರಾಗಿ ಉದುರಿ ಬೆತ್ತಲೆ ತಾಮ್ರ ಕಂಡರೆ ಬೇರೇನೂ ಪರೀಕ್ಷಿಸುವ ಅಗತ್ಯವಿಲ್ಲ. ಟೇಪ್ ಸುತ್ತುವುದರಿಂದ ಆಗುವಂಥದ್ದಲ್ಲ, ಪೂರ್ತಿ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸಬೇಕು. ಹಾಗೇ ಬಿಟ್ಟರೆ ಒಂದು ದಿನ ವೈರುಗಳು ಒಂದಕ್ಕೊಂದು ತಾಗಿ ಕಂಟ್ರೋಲ್ ಯೂನಿಟ್ಟನ್ನೇ ಬಲಿ ತೆಗೆದುಕೊಳ್ಳುತ್ತವೆ.

ಮೀಟರ್ ರಾತ್ರಿ ಮಂಕಾಗಿ ಕಂಡರೆ ಮಾತ್ರ ಚಿಂತೆ ಬೇಡ. ಟ್ರಿಪ್ ಸೊನ್ನೆ ಮಾಡುವ ಗುಂಡಿಯನ್ನೇ ತಿರುಗಿಸಿದರೆ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಹತ್ತು ಹದಿನೈದು ಸಲ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಕಿಲುಬು ಕಳೆದು ಬೆಳಕು ಮರಳುತ್ತದೆ.

ಎಸ್‌ಆರ್‌ಎಸ್ ದೀಪ

ಕೀ ತಿರುಗಿಸಿದ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ, ಓಡುವಾಗ ಮತ್ತೆ ಹತ್ತಿದರೆ, ಇಲ್ಲವೇ ಹತ್ತುವುದೇ ಇಲ್ಲ ಎಂದಾದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯುತ್ತದೆ ಎಂಬ ಭರವಸೆ ಇಲ್ಲ. ಇಲ್ಲಿ ಮಲ್ಟಿಮೀಟರ್ ಹೊರಗೆ ತೆಗೆಯಲೇಬಾರದು. ಓಂ ಅಳೆಯಲು ಅದು ಬಿಡುವ ಸಣ್ಣ ಕರೆಂಟೇ ಏರ್‌ಬ್ಯಾಗನ್ನು ಸಿಡಿಸಬಹುದು. ಸ್ಟೀರಿಂಗ್ ಮಧ್ಯದ ಮುಚ್ಚಳ ಬಿಚ್ಚುವುದು, ಬಲ್ಬ್ ಕೀಳುವುದು ಎರಡೂ ಬೇಡ. ಏರ್‌ಬ್ಯಾಗ್ ಕೆಲಸ ಗೊತ್ತಿರುವ ಗ್ಯಾರೇಜಿನಲ್ಲಿ ಸರಿಯಾದ ಟೆಸ್ಟರ್ ಹಾಕಿಸಿ ದೋಷ ಓದಿಸಿ.